ಹತ್ತಕ್ಕೆ ಮೂರು

ಬನಶಂಕರಿ ಎರಡನೇ ಹಂತ,
ಬೆಂಗಳೂರು
18-2-2025, ಮಂಗಳವಾರ

ಪ್ರೀತಿಯ ಅತ್ತಿಗೆ,

ಪಂಕಜಾ ಮಾಡುವ ನಮಸ್ಕಾರಗಳು. ಮೊದಲು ನಿಮ್ಮ ಸಮಾಚಾರ ಹೇಳಿ. ಮಂಡಿನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರಾ, ಇಲ್ಲ ಅದಕ್ಕೂ ಸೊಸೆಗೆ ಯಾಕೆ ತೊಂದರೆ ಎಂದು ಸುಮ್ಮನಿದ್ದೀರಾ? ಹೊಸ ಕಿವಿಯಂತ್ರ ಕುಯ್ಯೋ ಅನ್ನುತ್ತದೆ ಎಂದು ನೀವು ಅದನ್ನು ತೆಗೆದು ದೇವರ ಮನೆಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದೀರಂತೆ, ನಿಮ್ಮ ಮೊಮ್ಮಗಳು ಧೃತಿ ನನ್ನ ಹತ್ತಿರ ದೂರು ಹೇಳಿದಳು. ದೇವರಿಗಾದರೂ ಚೆನ್ನಾಗಿ ಕೇಳಿಸಲಿ ಎಂದಿರಬೇಕು ನಿಮ್ಮ ಯೋಚನೆ. ಹಾಗಿದ್ದರೆ ಅದು ಅಲ್ಲೇ ಇರಲಿ, ಈಗ ನನಗೂ ಅದೇ ಬೇಕಾಗಿದೆ. ಸಂಕ್ರಾಂತಿಗೆ ನೀವು ಕಳಿಸಿದ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಎಲ್ಲ ಮುಕ್ಕಾಗದೆ ತಲುಪಿತು. ಆನೆ ಅಚ್ಚನ್ನು ಮಾತ್ರ ನಿಮ್ಮ ತಮ್ಮ ಯಾರಿಗೂ ಕೊಡದೆ ತಮ್ಮ ಕನ್ನಡಕದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಇರುವೆ ಬಂದರೂ ಬಿಡುತ್ತಿಲ್ಲ.

ಈ ಕಾಗದವನ್ನು ದಯವಿಟ್ಟು ಕುಳಿತುಕೊಂಡು ಓದಿ. ಧೃತಿ ಕಾಲೇಜಿನಿಂದ ಬಂದ ಮೇಲೆ ಓದಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ಕಳೆದ ಮೂರು ಕಾಗದಗಳಲ್ಲಿ ನಾನು ನಿಮಗೆ ಸುಳ್ಳು ಬರೆದಿದ್ದೇನೆ. "ಇವರು ಪರವಾಗಿಲ್ಲ, ವಾಕಿಂಗ್ ಹೋಗುತ್ತಾರೆ" ಎಂದು ಬರೆದ ದಿನ ಇವರು ಮಂಚದಿಂದ ಬಚ್ಚಲಿಗೆ ಹೋಗುವುದಕ್ಕೆ ಹತ್ತು ನಿಮಿಷ ಹಿಡಿದಿತ್ತು. ಮೂರು ವರ್ಷದ ಹಿಂದೆ ಪ್ರಾಸ್ಟೇಟಿನಲ್ಲಿ ಗಡ್ಡೆ ಎಂದಾಗ ನೀವು ಹರಕೆ ಹೊತ್ತಿರಿ, ಇಂಜೆಕ್ಷನ್ ಶುರುವಾಯಿತು, ಎಲ್ಲ ಹತೋಟಿಗೆ ಬಂತು, ನೀವು ಹರಕೆಯನ್ನೂ ತೀರಿಸಿದಿರಿ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ ಅತ್ತಿಗೆ. ಅದು ಮೂಳೆಗೆ ಹೋಗಿದೆ. ನಿಮಗೆ ಹೇಳಕೂಡದು ಎಂದು ನಿಮ್ಮ ತಮ್ಮ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾರೆ. "ಅಕ್ಕ ನನ್ನನ್ನ ಹೀಗೆ ನೋಡಬಾರದು, ಅವಳ ಕಣ್ಣಲ್ಲಿ ನಾನು ಇನ್ನೂ ಚಡ್ಡಿ ಹಾಕಿದ ಹುಡುಗ" ಅಂದರು. ಆ ಆಣೆಯನ್ನು ಇವತ್ತು ಮುರಿಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು "ಆಂ? ಆಂ?" ಅನ್ನುತ್ತೀರಿ, ನಾನು ಕೂಗಬೇಕಾಗುತ್ತದೆ, ಕೂಗಿದರೆ ಒಳಗಿನ ರೂಮಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ.

ಶುರುವಾದದ್ದು ನವರಾತ್ರಿಯಲ್ಲಿ. ಬೊಂಬೆ ಕೂರಿಸುವ ಮೆಟ್ಟಿಲುಗಳನ್ನು ಪ್ರತಿ ವರ್ಷ ಅಡಿಪಟ್ಟಿ ಇಟ್ಟು ಅಳೆದು ಜೋಡಿಸುವವರು ಇವರೇ ಎಂದು ನಿಮಗೆ ಗೊತ್ತು. ಪಟ್ಟದ ಬೊಂಬೆಯ ಪೆಟ್ಟಿಗೆ ಎತ್ತಲು ಬಗ್ಗಿದವರು ಹಾಗೇ ನೆಲಕ್ಕೆ ಕುಳಿತುಬಿಟ್ಟರು. ಬಲಗಡೆ ಸೊಂಟ. ಉಳುಕಿರಬೇಕು ಎಂದು ನಾನು ಎಣ್ಣೆ ತಿಕ್ಕಿದೆ. ದೀಪಾವಳಿ ಹೊತ್ತಿಗೆ ಆ ಮಗ್ಗುಲಲ್ಲಿ ಮಲಗುವುದನ್ನು ಬಿಟ್ಟರು. ಸಮನ್ವಿತಾ ಜೆ.ಪಿ. ನಗರದಿಂದ ಬಂದವಳು ಅಪ್ಪ ಕುರ್ಚಿಯಿಂದ ಏಳುವುದನ್ನು ಒಂದು ಸಲ ನೋಡಿ ಮಾರನೇ ದಿನವೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ನಲವತ್ತಾರು ವರ್ಷ ಒಟ್ಟಿಗೆ ಬಾಳಿದ ನಾನು ಎಣ್ಣೆ ತಿಕ್ಕುತ್ತಾ ಕುಳಿತಿದ್ದೆ, ಮಗಳಿಗೆ ಒಂದು ನೋಟ ಸಾಕಾಯಿತು. ಫಿಲ್ಮಿನಲ್ಲಿ ಸೊಂಟದ ಮೂಳೆಯಲ್ಲಿ ಒಂದು ಕಡೆ ಗೆದ್ದಲು ತಿಂದ ಹಾಗೆ ಕಾಣುತ್ತಿತ್ತು. ನವೆಂಬರಿನಲ್ಲಿ ಹತ್ತು ದಿನ ರೇಡಿಯೇಷನ್ ಕೊಟ್ಟರು. ಸ್ವಲ್ಪ ಇಳಿಯಿತು, ಮತ್ತೆ ಏರಿತು. ಆಮೇಲೆ ಮಾರ್ಫಿನ್ ಮಾತ್ರೆ. ಅದನ್ನು ತೆಗೆದುಕೊಂಡರೆ ಇವರಿಗೆ ಹೊಟ್ಟೆ ಕಟ್ಟುತ್ತದೆ, ಮಂಕು ಕವಿಯುತ್ತದೆ, ಪೇಪರಿನ ಸುಡೋಕು ತುಂಬಲು ಆಗುವುದಿಲ್ಲ. ಹಾಗಾಗಿ ನನಗೆ ಕಾಣದಂತೆ ಅರ್ಧ ಮಾತ್ರೆ ಮುರಿದು ದಿಂಬಿನ ಕವರಿನೊಳಗೆ ಹಾಕುತ್ತಿದ್ದರು. ಕವರು ಒಗೆಯಲು ತೆಗೆದಾಗ ಹನ್ನೊಂದು ಅರ್ಧಗಳು ಉದುರಿದವು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರ ಹತ್ತಿರ ಬಿಡುವ ಮುಂಚೆ ಒಬ್ಬ ನರ್ಸಮ್ಮ ಬಂದು ಕೇಳುತ್ತಾಳೆ, "ಅಂಕಲ್, ನೋವು ಎಷ್ಟಿದೆ? ಏನೂ ಇಲ್ಲ ಅಂದ್ರೆ ಸೊನ್ನೆ, ತಡ್ಕೊಳ್ಳೋಕೇ ಆಗಲ್ಲ ಅಂದ್ರೆ ಹತ್ತು. ಎಷ್ಟು ಹೇಳಿ." ನಿಮ್ಮ ತಮ್ಮ ಕಣ್ಣು ಮುಚ್ಚಿ, ಉತ್ತರಪತ್ರಿಕೆಯನ್ನು ಎರಡನೇ ಸಲ ಓದುವವರ ಹಾಗೆ ಯೋಚಿಸಿ, "ಮೂರು" ಅನ್ನುತ್ತಾರೆ. ಅವಳು ಮೂರು ಎಂದು ಬರೆದುಕೊಳ್ಳುತ್ತಾಳೆ. ಡಾಕ್ಟರು ಅದನ್ನು ನೋಡಿ, "ಮೂರು ಅಂದ್ರೆ ಮಾತ್ರೆಯಲ್ಲೇ ಕಂಟ್ರೋಲ್ ಆಗ್ತಿದೆ, ಹೀಗೇ ಮುಂದುವರಿಸೋಣ" ಎಂದು ಕಳಿಸುತ್ತಾರೆ. ಡಿಸೆಂಬರ್ ಪೂರ್ತಿ ಮೂರು. ಜನವರಿಯಲ್ಲೂ ಮೂರು. ನಾನೂ ಪಕ್ಕದ ಕುರ್ಚಿಯಲ್ಲಿ ಕುಳಿತು, ಸದ್ಯ ಮೂರೇ ತಾನೆ ಎಂದು ಸಮಾಧಾನ ಮಾಡಿಕೊಂಡು ಬಂದೆ.

ಇಲ್ಲಿ ನನ್ನ ಬುದ್ಧಿಗೆ ಏನಾಗಿತ್ತೋ ಕಾಣೆ. ಈ ಮನುಷ್ಯ ಮೂವತ್ತನಾಲ್ಕು ವರ್ಷ ಎಸ್ಸೆಸ್ಸೆಲ್ಸಿ ಗಣಿತದ ಪೇಪರು ತಿದ್ದಿದವರು. ವ್ಯಾಲ್ಯುಯೇಷನ್ ಕ್ಯಾಂಪಿನಲ್ಲಿ ಇವರ ಟೇಬಲ್ಲಿಗೆ ಬಂಡಲು ಬಂದರೆ ಉಳಿದ ಮೇಷ್ಟ್ರುಗಳೇ ಅಯ್ಯೋ ಪಾಪ ಅನ್ನುತ್ತಿದ್ದರಂತೆ. ಮನೆಯಲ್ಲಿ ನನ್ನ ಸಾರಿಗೂ ಮಾರ್ಕ್ಸ್ ಬೀಳುತ್ತದೆ, ಮದುವೆಯಾದ ವರ್ಷ ಐದು, ಈಗ ಆರೂವರೆ. ಸಮನ್ವಿತಾಳ ಮದುವೆಯ ಊಟವನ್ನು ಊರೆಲ್ಲ ಹೊಗಳುವಾಗ ಇವರು ಕೈ ತೊಳೆದುಕೊಂಡು ಬಂದು ಏಳು ಅಂದರು, ಅಡಿಗೆಯವರು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದರು. ಇದೆಲ್ಲ ಎಲ್ಲಿಂದ ಬಂತು ಎಂದು ನಾನು ನಿಮಗೆ ಹೇಳಬೇಕೇ? ವಿಶ್ವೇಶ್ವರಪುರದ ವಠಾರದಲ್ಲಿ ನೀವು ಹನ್ನೆರಡು ವರ್ಷದ ಟೀಚರು, ಇವರು ಐದು ವರ್ಷದ ಶಿಷ್ಯ, ಜಗಲಿಯ ಮೇಲೆ ನಿಮ್ಮ ಆಟದ ಶಾಲೆ. ಎಷ್ಟೇ ಸರಿ ಬರೆದರೂ ನೀವು ಯಾರಿಗೂ ಹತ್ತಕ್ಕೆ ಹತ್ತು ಕೊಡುತ್ತಿರಲಿಲ್ಲವಂತೆ, ಒಂಬತ್ತೂವರೆ ಕೊಟ್ಟು, ಉಳಿದ ಅರ್ಧ ಟೀಚರದು ಅನ್ನುತ್ತಿದ್ದಿರಂತೆ. ಹದಿನೇಳರ ಮಗ್ಗಿ ತಪ್ಪಿಲ್ಲದೆ ಹೇಳಿ ಒಂಬತ್ತೂವರೆ ಪಡೆದ ದಿನ ಇವರು ಆ ಸ್ಲೇಟನ್ನು ಅಳಿಸದೆ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದರಂತೆ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಆದರೂ ನರ್ಸಮ್ಮನ ಮುಂದೆ ಇವರು ಮೂರು ಅಂದಾಗ ನನಗೆ ಹೊಳೆಯಲಿಲ್ಲ.

ಹೊಳೆಯಬೇಕಾಗಿತ್ತು, ಯಾಕೆಂದರೆ ಮನೆಯಲ್ಲಿ ನಾನು ಬೇರೆಯೇ ಕೇಳುತ್ತಿದ್ದೆ. ಬೆಳಿಗ್ಗೆ ಏಳುವಾಗ ಇವರು ಮಗ್ಗಿ ಹೇಳುತ್ತಾರೆ ಅತ್ತಿಗೆ. ನೀವು ಕಲಿಸಿದ ಅದೇ ಮಗ್ಗಿ. ಮಂಚದ ಅಂಚು ಹಿಡಿದು ಕಾಲು ಕೆಳಗಿಳಿಸುವಾಗ ಹದಿಮೂರರದು ಶುರುವಾಗುತ್ತದೆ, ಎದ್ದು ನಿಲ್ಲುವಾಗ ಹದಿನೇಳರದು. "ಹದಿನೇಳ್ ಆರ್ಲ ನೂರಾ ಎರಡು, ಹದಿನೇಳ್ ಏಳ್ಲ ನೂರಾ ಹತ್ತೊಂಬತ್ತು" ಎಂದು ಹಲ್ಲು ಕಚ್ಚಿಕೊಂಡು, ಬೆವರು ಸುರಿಸುತ್ತಾ. ಬಚ್ಚಲಿನ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತು ನಾನು ಕೇಳಿಸಿಕೊಳ್ಳುತ್ತೇನೆ. ಹತ್ತೊಂಬತ್ತರ ಮಗ್ಗಿಗೆ ಹೋದರು ಎಂದರೆ ಅವತ್ತು ಬಹಳ ಇದೆ ಎಂದು ಅರ್ಥ. ಒಳಗೆ ಹೋಗಿ ಹಿಡಿದುಕೊಳ್ಳೋಣವೆಂದರೆ ಮುಟ್ಟಿಸಿಕೊಳ್ಳುವುದಿಲ್ಲ. ನಾನೇನು ಮಾಡಲಿ, ನಾನೂ ಹೊರಗೆ ನಿಂತು ಅವರ ಜೊತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಗಣಿತದಲ್ಲಿ ಮೂವತ್ತೈದು ದಾಟದ ನನಗೆ ಈ ಅರವತ್ತೇಳನೇ ವಯಸ್ಸಿನಲ್ಲಿ ಹತ್ತೊಂಬತ್ತರ ಮಗ್ಗಿ ಬಾಯಿಪಾಠವಾಗಿದೆ.

ಕೊನೆಗೆ ನನ್ನ ಕಣ್ಣು ತೆರೆಸಿದವನು ಆಟೋ ಸೀನು. ಕುಮಾರಸ್ವಾಮಿ ಲೇಔಟಿನವನು, ಐವತ್ತು ವರ್ಷ, ಇವರ ಹಳೆಯ ವಿದ್ಯಾರ್ಥಿ. ಆಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋಗುವವನು, ವೀಲ್‌ಚೇರ್ ತಳ್ಳುವವನು ಎಲ್ಲ ಅವನೇ, ಹಂಪು ಬಂದರೆ ಮೇಷ್ಟ್ರೇ ಹಂಪು ಎಂದು ಮೊದಲೇ ಹೇಳಿ ನಿಧಾನ ಮಾಡುತ್ತಾನೆ. ಜನವರಿ ಕೊನೆಯಲ್ಲಿ ಒಂದು ದಿನ ನರ್ಸಮ್ಮ ಕೇಳುವಾಗ ಅವನೂ ಅಲ್ಲೇ ನಿಂತಿದ್ದ. ಇವರನ್ನು ಎಕ್ಸ್‌ರೇಗೆ ಒಳಗೆ ಬಿಟ್ಟು ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ, "ಅಮ್ಮಾ, ಮೇಷ್ಟ್ರ ಮೂರನ್ನ ಇವ್ರು ಹಂಗೇ ನಂಬ್ಕೊಂಬಿಟ್ರಲ್ಲ. ಹತ್ತನೇ ಕ್ಲಾಸಲ್ಲಿ ಲೆಕ್ಕ ಪೂರ್ತಿ ಸರಿ ಮಾಡಿದ್ದೆ, ಕೊನೇಲಿ ಸೆಂಟಿಮೀಟರ್ ಅಂತ ಬರೀಲಿಲ್ಲ ಅಂತ ಮೂರು ಹಾಕಿದ್ರು ನಂಗೆ. ಬೇರೆ ಮೇಷ್ಟ್ರಾಗಿದ್ರೆ ಎಂಟು ಬರ್ತಿತ್ತು. ಡಾಕ್ಟ್ರಿಗೆ ಇದನ್ನ ಯಾರಾದ್ರೂ ಹೇಳಿದೀರಾ?" ಯಾರೂ ಹೇಳಿರಲಿಲ್ಲ. ಆ ಬೆಂಚಿನ ಮೇಲೆ ನನಗೆ ಆದ ನಾಚಿಕೆಯನ್ನು ನಿಮಗೆ ಹೇಗೆ ಬರೆಯಲಿ. ಎರಡು ತಿಂಗಳು, ಅತ್ತಿಗೆ. ಎರಡು ತಿಂಗಳು ಅವರು ಮಗ್ಗಿ ಹೇಳಿದರು, ನಾನು ಮೂರನ್ನು ನಂಬಿದೆ.

ಒಳಗೆ ಹೋಗಿ ದೊಡ್ಡ ಡಾಕ್ಟರ ಮುಂದೆ ಎಲ್ಲ ಹೇಳಿದೆ, ಸಾರಿನ ಆರೂವರೆಯಿಂದ ಹಿಡಿದು ಮಾತ್ರೆಯ ಅರ್ಧಗಳವರೆಗೆ. ಮೊದಲು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹಳೆಯ ಚೀಟಿಗಳನ್ನೆಲ್ಲ ಹಿಂದಕ್ಕೆ ತಿರುವಿದರು, ಎಲ್ಲದರ ಮೇಲೂ ಮೂರು, ಮೂರು, ಮೂರು. ಅವತ್ತೇ ಅದೇ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಸಂಗೀತಾ ಅಂತ, ನಮ್ಮ ಸಮನ್ವಿತಾಳ ವಯಸ್ಸೇ ಇರಬೇಕು. ಕುಯ್ಯದೆ, ಹೊಲಿಗೆ ಹಾಕದೆ, ಬರೀ ಸೂಜಿಯಲ್ಲಿ ಮೂಳೆಯ ನೋವಿಗೆ ಚಿಕಿತ್ಸೆ ಮಾಡುವವರಂತೆ. ಮಾತ್ರೆಗೆ ಜಗ್ಗದ ನೋವು, ಒಂದೋ ಎರಡೋ ಜಾಗದಲ್ಲಿ ಮಾತ್ರ ಇದ್ದರೆ ಇದನ್ನು ಮಾಡುತ್ತಾರೆ, ಮೂರು ಅಂದವರಿಗೆ ಯಾರೂ ಮಾಡಲು ಹೋಗುವುದಿಲ್ಲ. ಆಕೆ ಕಾಗದದ ಮೇಲೆ ಮೂಳೆಯ ಚಿತ್ರ ಬರೆದು ನಮಗೆ ವಿವರಿಸಿದರು. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ ನೋಡುತ್ತಾ ಒಂದು ದಪ್ಪ ಸೂಜಿಯನ್ನು ಚರ್ಮದ ಮೂಲಕ ನೇರ ಆ ಜಾಗಕ್ಕೆ ಇಳಿಸುತ್ತಾರೆ, ಅದರ ತುದಿಯನ್ನು ಬಿಸಿ ಮಾಡಿ ಅಲ್ಲಿರುವ ಗಡ್ಡೆಯನ್ನು ಸುಡುತ್ತಾರೆ, ಆಮೇಲೆ ಟೊಳ್ಳಾದ ಮೂಳೆಗೆ ಒಂದು ಥರದ ಸಿಮೆಂಟು ತುಂಬುತ್ತಾರೆ. ಅದು ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದಂತೆ. ನಿಮ್ಮ ತಮ್ಮ ಬಿ.ಡಿ.ಎ. ಸೈಟಿನಲ್ಲಿ ಎರಡು ವರ್ಷ ನಿಂತು ಈ ಮನೆ ಕಟ್ಟಿಸಿದವರಲ್ಲವೇ, "ಯಾವ ಗ್ರೇಡ್ ಸಿಮೆಂಟು ಡಾಕ್ಟ್ರೇ, ಫಿಫ್ಟಿ ತ್ರೀನಾ? ಕ್ಯೂರಿಂಗ್ ಎಷ್ಟು ದಿನ?" ಎಂದು ಕೇಳಿದರು. ಆಕೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇದು ಕಾಯಿಲೆಗಲ್ಲ, ನೋವಿಗೆ ಮಾತ್ರ. ಕಾಯಿಲೆ ಎಲ್ಲಿದ್ಯೋ ಅಲ್ಲೇ ಇರುತ್ತೆ, ಮುಂದೆ ಬೇರೆ ಕಡೆ ಬಂದ್ರೂ ಬರಬಹುದು" ಅಂದರು. ನಾನು ತಲೆಯಾಡಿಸಿದೆ. ಕಾಯಿಲೆಗಲ್ಲ ಅನ್ನುವ ಮಾತಿಗೂ ತಲೆಯಾಡಿಸುವ ಸ್ಥಿತಿಗೆ ಬಂದಿದ್ದೇನೆ.

ಆರನೇ ತಾರೀಕು ಗುರುವಾರ ಮಾಡಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇವರು ಅದರಲ್ಲಿದ್ದ ಕನ್ನಡವನ್ನು ತಿದ್ದಿದರು. ಚಿಕಿತ್ಸೆ ಎನ್ನುವುದಕ್ಕೆ ಸಕಾರಕ್ಕೆ ಸಕಾರ ಒತ್ತು ಕೊಟ್ಟು ಅಚ್ಚು ಹಾಕಿಸಿದ್ದರು, ಅದನ್ನು ಹೊಡೆದು, ಸರಿ ಮಾಡಿ, ಪಕ್ಕದಲ್ಲಿ ತಮ್ಮ ಹೆಸರಿನ ಮೊದಲಕ್ಷರ "ತಿ" ಎಂದು ಕೆಂಪು ಪೆನ್ನಿನಲ್ಲಿ ಸಹಿ. ಕ್ಯಾಂಪಿನ ಅಭ್ಯಾಸ ಇನ್ನೂ ಹೋಗಿಲ್ಲ, ತಿದ್ದಿದ ಕಡೆಯೆಲ್ಲ ಸಹಿ ಇರಬೇಕು, ಸಹಿಯಿಲ್ಲದ ತಿದ್ದುಪಡಿ ಊರ್ಜಿತವಲ್ಲ. ಮೊದಲೆಲ್ಲ ನನ್ನ ಕಾಗದಗಳೂ ಆ ಕೆಂಪು ಪೆನ್ನು ದಾಟಿಯೇ ನಿಮಗೆ ಬರುತ್ತಿದ್ದವು, ನೆನಪಿದೆಯೇ? ಬಾಯಲ್ಲಿ ಏನಾದರೂ ಹೇಳಿ ಸುಮ್ಮನಾಗಿಬಿಡುತ್ತಾರೆ, ಕಾಗದದ ಮೇಲೆ ಮಾತ್ರ ತಪ್ಪಿರಲು ಬಿಡುವವರಲ್ಲ. ಒಳಗೆ ಕರೆದುಕೊಂಡು ಹೋಗುವಾಗ ಇವರು ನನ್ನ ಕೈ ಹಿಡಿಯಲಿಲ್ಲ. ಕನ್ನಡಕ ತೆಗೆದು ಕೊಟ್ಟು, "ಗಾಜು ಒರೆಸಿಡು" ಅಂದರು. ಒಂದೂವರೆ ಗಂಟೆ ಆ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಸಮನ್ವಿತಾ ಫೋನು ನೋಡುತ್ತಿದ್ದಳು, ಆದರೆ ಪರದೆ ಆರಿಹೋಗಿತ್ತು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಅತ್ತಿಗೆ. ದೇವರ ಹೆಸರು ಹೇಳೋಣವೆಂದರೆ ಬಾಯಿಗೆ ಬರುತ್ತಿದ್ದುದು ಹದಿನೇಳರ ಮಗ್ಗಿಯೇ.

ಸೊಂಟದ ಮೇಲೆ ಒಂದು ಸಣ್ಣ ಬ್ಯಾಂಡೇಜು, ಅಷ್ಟೇ. ಮಾರನೇ ದಿನ ಸಂಜೆ ಮನೆಗೆ ಬಂದೆವು. ಶನಿವಾರ ಬೆಳಿಗ್ಗೆ ಮಂಚದಿಂದ ಇಳಿದಾಗ ಮಗ್ಗಿಯಿಲ್ಲ. ಭಾನುವಾರವೂ ಇಲ್ಲ. ಬಲಮಗ್ಗುಲಿಗೆ ತಿರುಗಿ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಅವರೆಕಾಳು ಹಿಸುಕಲು ಕುಳಿತು ಅರ್ಧ ಪಾತ್ರೆ ಮುಗಿಸಿದರು, ಗೇಟಿನವರೆಗೆ ಹೋಗಿ ಪೇಪರು ತಂದರು, ಸುಡೋಕು ತುಂಬಿದರು. ನಾನು ಹುಚ್ಚಿಯ ಹಾಗೆ ಪಾಯಸ ಮಾಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಏಳು ಬಂತು, ಅದೂ ಸಕ್ಕರೆ ಹೆಚ್ಚಾಗಿದ್ದ ಪಾಯಸಕ್ಕೆ. ಎಲ್ಲ ಸರಿಹೋಯಿತು ಎಂದುಕೊಂಡೆ, ಕಾಯಿಲೆಗಲ್ಲ ಎಂದು ಆ ಡಾಕ್ಟರಮ್ಮ ಹೇಳಿದ್ದನ್ನು ಬೇಕೆಂದೇ ಮರೆತೆ.

ಹದಿನಾಲ್ಕನೇ ತಾರೀಕು ತೋರಿಸಲು ಹೋದಾಗ ನರ್ಸಮ್ಮ ಮತ್ತೆ ಕೇಳಿದಳು. ನಾನು ಉಸಿರು ಹಿಡಿದು ಕಾಯುತ್ತಿದ್ದೆ, ಒಂದು ಅನ್ನುತ್ತಾರೆ, ಸೊನ್ನೆಯೇ ಅಂದರೂ ಅಂದಾರು ಎಂದು. ಇವರು ಕಣ್ಣು ಮುಚ್ಚಿ ಯೋಚಿಸಿ ಮತ್ತೆ ಮೂರು ಅಂದರು. ಡಾಕ್ಟರ್ ಸಂಗೀತಾಗೂ ತಲೆಬುಡ ತಿಳಿಯಲಿಲ್ಲ. ಸ್ಕ್ಯಾನಿಂಗಿನಲ್ಲಿ ಸಿಮೆಂಟು ಸರಿಯಾಗಿ ಕುಳಿತಿದೆ, ನಡಿಗೆ ಸುಧಾರಿಸಿದೆ, ಅಂಕ ಮಾತ್ರ ಅದೇ. "ಸಾರ್, ಮೊದಲೂ ಮೂರು, ಈಗಲೂ ಮೂರು ಅಂದ್ರೆ ನಾನು ಹೇಗೆ ತಿಳ್ಕೊಳ್ಳಲಿ?" ಎಂದು ಕೇಳಿದರು. "ಆ ಮೂರು ಬೇರೆ, ಈ ಮೂರು ಬೇರೆ" ಅಂದರು ನಿಮ್ಮ ತಮ್ಮ. ಮನೆಗೆ ಬಂದ ಮೇಲೆ ನನಗೆ ಸಿಟ್ಟು ಬಂತು, ಕಾಯಿಲೆಯವರ ಮೇಲೆ ಬರಬಾರದ ಸಿಟ್ಟು. ಒಂದು ದಿನವಾದರೂ ಬಾಯಿಬಿಟ್ಟು ನಿಜವಾದ ಅಂಕ ಹೇಳಿ, ಸತ್ತರೂ ಜಿಪುಣತನ ಬಿಡಲ್ವಾ ನೀವು ಅಂದುಬಿಟ್ಟೆ. ಇವರು ಬೈಯಲಿಲ್ಲ. "ಇವತ್ತೇ ಹತ್ತು ಕೊಟ್ಬಿಟ್ರೆ ನಾಳೆಗೆ ಏನು ಕೊಡ್ಲಿ ಪಂಕಜಾ?" ಅಂದರು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈಗಿನ ಸ್ಥಿತಿ ಇಷ್ಟು. ನೋವು ಹತ್ತಕ್ಕೆ ಮೂರು. ಅವರು ಹೇಳಿದ್ದನ್ನೇ ನಿಮಗೆ ಬರೆದಿದ್ದೇನೆ, ಬೇರೆ ಅಂಕ ನನ್ನ ಹತ್ತಿರ ಇಲ್ಲ. ಭಾನುವಾರದಿಂದ ಬೆಳಿಗ್ಗೆ ಹೊತ್ತು ತುಟಿ ಅಲುಗುತ್ತಿದೆ, ದನಿ ಹೊರಡುತ್ತಿಲ್ಲ. ಅದು ಸ್ತೋತ್ರವೋ ಮಗ್ಗಿಯೋ ನನಗೆ ತಿಳಿಯುತ್ತಿಲ್ಲ. ಕೇಳಿದರೆ ಸ್ತೋತ್ರ ಅನ್ನುತ್ತಾರೆ. ಡಾಕ್ಟರ ಹತ್ತಿರ ಮಾತ್ರೆ ಇದೆ, ಸೂಜಿ ಇದೆ, ಸಿಮೆಂಟೂ ಇದೆ, ಆದರೆ ಎಷ್ಟು ನೋವು, ಎಲ್ಲಿ ನೋವು ಎಂದು ಹೇಳಬೇಕಾದವರು ಇವರೊಬ್ಬರೇ. ಅವರ ಮೈಯೊಳಗೆ ಹೋಗಿ ನೋಡಿ ಬರಲು ನನ್ನಿಂದಾಗುವುದಿಲ್ಲ. ಊಟ ಬಡಿಸಬಲ್ಲೆ, ಕಾಲು ಒತ್ತಬಲ್ಲೆ, ಬಾಗಿಲ ಹೊರಗೆ ನಿಲ್ಲಬಲ್ಲೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಂತೆ ಬದುಕಿದ್ದೇವೆ ಎಂದುಕೊಂಡಿದ್ದೆ, ಅವರ ನೋವಿನ ಲೆಕ್ಕದಲ್ಲಿ ನಾನೂ ಆ ನರ್ಸಮ್ಮನ ಹಾಗೇ, ಹೇಳಿದ್ದನ್ನು ಬರೆದುಕೊಳ್ಳುವವಳು.

ಇದನ್ನೆಲ್ಲ ಓದಿ ನೀವು ಕಂಗಾಲಾಗಬೇಡಿ. ಊಟ ಬಿಡಬೇಡಿ, ಹೊಸ ಹರಕೆ ಹೊರಬೇಡಿ, ಹಳೆಯದಕ್ಕೇ ದೇವರು ಲೆಕ್ಕ ಕೊಡಬೇಕಾಗಿದೆ. ನಿಮ್ಮ ಮಂಡಿಯಲ್ಲಿ ರೈಲು ಹತ್ತಿ ಇಳಿಯುವುದು ಸಾಧ್ಯವಿಲ್ಲ. ಬಂದರೂ ಇವರು ನಿಮ್ಮ ಮುಂದೆ ಗಟ್ಟಿಯಾಗಿ ಕುಳಿತಿರಲು ಹೋಗಿ ಇನ್ನಷ್ಟು ಹಣ್ಣಾಗುತ್ತಾರೆ. ಆಣೆ ಮುರಿದವಳು ನಾನು ಎಂದು ಗೊತ್ತಾದರೆ ನನ್ನೊಡನೆ ಮಾತು ಬಿಡುತ್ತಾರೆ, ಅದನ್ನು ತಡೆದುಕೊಳ್ಳುವ ಶಕ್ತಿ ನನಗೀಗ ಇಲ್ಲ. ಅದಕ್ಕೇ ಕೈ ಮುಗಿದು ಕೇಳಿಕೊಳ್ಳುತ್ತೇನೆ, ನೀವು ಈಗಲೇ ಇಲ್ಲಿಗೆ ಬರಬೇಡಿ. ಅಗತ್ಯ ಬಿದ್ದರೆ ನಾನೇ ತಿಳಿಸುತ್ತೇನೆ. ಈ ಕಾಗದ ಓದಿದ ಮೇಲೆ ಅವರಿಗೆ ಗೊತ್ತಾಗದ ಹಾಗೆ ಒಂದು ಸಾಲು ಬರೆಯಿರಿ, ಎಳ್ಳಿನ ವಿಷಯವೋ ಧೃತಿಯ ಪರೀಕ್ಷೆಯ ವಿಷಯವೋ ಏನಾದರೂ ಸರಿ. ನಿಮ್ಮ ಅಕ್ಷರ ಕಂಡರೆ ಅವರ ಮುಖ ಸಡಿಲವಾಗುತ್ತದೆ.

ನಿಮ್ಮ ಮಗ ಸೊಸೆಗೆ ನನ್ನ ನೆನಪು ತಿಳಿಸಿ. ಧೃತಿಗೆ ಚೆನ್ನಾಗಿ ಓದಲು ಹೇಳಿ, ತಾತನ ಕೈಗೆ ಅವಳ ಪೇಪರು ಸಿಗುವುದಿಲ್ಲವಾದ್ದರಿಂದ ಒಳ್ಳೆಯ ಮಾರ್ಕ್ಸೇ ಬರುತ್ತದೆ. ನಿಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ನಮ್ಮಿಬ್ಬರಿಗೂ ಆಶೀರ್ವಾದ ಮಾಡಿ.

ಇಂತಿ ನಿಮ್ಮ,
ಪಂಕಜಾ

ವಿ.ಸೂ.: ಬುಧವಾರ ಬೆಳಿಗ್ಗೆ. ಅತ್ತಿಗೆ, ಈ ಕಾಗದವನ್ನು ಪಂಚಾಂಗದ ಕೆಳಗೆ ಬಚ್ಚಿಟ್ಟಿದ್ದೆ. ನಾನು ಸ್ನಾನಕ್ಕೆ ಹೋಗಿದ್ದಾಗ ಇವರು ತೆಗೆದು ಓದಿದ್ದಾರೆ. ಲಕೋಟೆಗೆ ಅಂಟು ಹಚ್ಚಲು ಕುಳಿತವಳು ಬಿಡಿಸಿ ನೋಡಿದರೆ ಹಾಳೆಯ ಮೇಲೆಲ್ಲ ಕೆಂಪು. ಎರಡು ಒತ್ತಕ್ಷರ ತಿದ್ದಿದ್ದಾರೆ, ಅದು ಇರಲಿ. ಹತ್ತಕ್ಕೆ ಮೂರು ಎಂದು ನಾನು ಬರೆದ ಕಡೆ ಮೂರನ್ನು ಹೊಡೆದು, ಅಂಚಿನಲ್ಲಿ ಉಪಪ್ರಶ್ನೆಗೆ ಹಾಕುವ ಹಾಗೆ ಬೇರೆ ಬೇರೆ ಬರೆದಿದ್ದಾರೆ, ಸೊಂಟ 2, ಬೆನ್ನು 9½. ಪಕ್ಕದಲ್ಲಿ ಸಹಿ ಇದೆ. ಬೆನ್ನಿನ ವಿಷಯ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಒಂಬತ್ತೂವರೆ ಎಂದರೆ ಎಷ್ಟು ಎಂದು ನಿಮಗೊಬ್ಬರಿಗೇ ಗೊತ್ತು. ಸಮನ್ವಿತಾ ಡಾಕ್ಟರ್ ಸಂಗೀತಾಗೆ ಫೋನ್ ಮಾಡಿದಳು, ಮಧ್ಯಾಹ್ನ ಕರೆದುಕೊಂಡು ಬರಲು ಹೇಳಿದ್ದಾರೆ, ಸೀನು ಆಟೋ ತಂದು ಗೇಟಿನಲ್ಲಿ ನಿಂತಿದ್ದಾನೆ. ಇವರು ನನ್ನೊಡನೆ ಮಾತು ಬಿಟ್ಟಿಲ್ಲ, ಕಾಫಿ ಕೇಳಿದರು. ಸಮನ್ವಿತಾ ಧೃತಿಗೂ ಫೋನ್ ಮಾಡುತ್ತಾಳೆ, ಆದರೆ ಈ ಹಾಳೆಯನ್ನು ನೀವೇ ಕಣ್ಣಾರೆ ನೋಡಬೇಕು ಎಂದು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನಕಲು ಮಾಡಲು ಹೋಗಿಲ್ಲ. ಕೊನೆಯ ಹಾಳೆಯಲ್ಲಿ "ನೀವು ಈಗಲೇ ಇಲ್ಲಿಗೆ ಬ‌ರಬೇಡಿ" ಎಂದು ನಾನು ಬರೆದಿದ್ದೆನಲ್ಲ, ಅಲ್ಲಿ "ಡಿ" ಒಂದನ್ನು ಹೊಡೆದು ಮೇಲೆ "ಕು" ಎಂದು ಬರೆದು ಸಹಿ ಹಾಕಿದ್ದಾರೆ. ತಿದ್ದಿದ ಹಾಗೇ ಓದಿಕೊಳ್ಳಿ.